ಹೆಸರು ಸಂಸ್ಥೆಯದೋ, ಮಾಲೀಕರದೋ?

ವ್ಯಾಪಾರಕ್ಕೆ ಬಂಡವಾಳಕ್ಕಿಂತ ಮೊದಲು ಬೇಕಾದದ್ದು ಹೆಸರು ಎಂಬುದನ್ನು ನಮ್ಮ ಪೇಟೆಗಳು ಬಹಳ ಹಿಂದೆಯೇ ಅರಿತಿದ್ದವು. ಬರಿಯ ಚೀಟಿಯ ಮೇಲೆ ಗಾಡಿಗಟ್ಟಲೆ ಮಾಲು ಕಳುಹಿಸುತ್ತಿದ್ದ ಮಂಡಿಯ ಸಾಹುಕಾರರು ನೋಡುತ್ತಿದ್ದುದು ಚೀಟಿಯ ಮೇಲಿನ ಹೆಸರನ್ನೇ. ಇಂದು ಆ ಹೆಸರು ಮಂಡಿಯಿಂದ ಮೊಬೈಲ್ ಪರದೆಗೆ ಬಂದಿದೆ. ಜವಳಿ ಅಂಗಡಿಯ ಮಾಲೀಕರೇ ಇನ್‌ಸ್ಟಾಗ್ರಾಂನಲ್ಲಿ ಸೀರೆ ಬಿಡಿಸಿ ತೋರಿಸುತ್ತಾರೆ. ಗಾಣದೆಣ್ಣೆ ತಯಾರಿಸುವವರು ಗಾಣದ ಪಕ್ಕದಲ್ಲೇ ನಿಂತು ಯೂಟ್ಯೂಬ್‌ನಲ್ಲಿ ಮಾತನಾಡುತ್ತಾರೆ. ಇದಕ್ಕೆ ‘ಪರ್ಸನಲ್ ಬ್ರ್ಯಾಂಡಿಂಗ್’ ಎಂಬ ಹೆಸರಿದೆ. ಕಲಿಸಿಕೊಡಲು ಕಾರ್ಯಾಗಾರಗಳೂ ಇವೆ. ಆದರೆ ಹೀಗೆ ಸಂಪಾದಿಸಿದ ಹೆಸರು ಯಾರ ಸ್ವತ್ತು ಎಂಬ ಪ್ರಶ್ನೆ ಆ ಕಾರ್ಯಾಗಾರಗಳಲ್ಲಿ ಏಳುವುದು ಅಪರೂಪ. ಲೆಕ್ಕಪರಿಶೋಧಕನಾದ ನನಗೆ ಮೊದಲು ಕಾಣುವುದು ಅದೇ.

ಮಾಲೀಕರ ಮುಖವೇ ಸರಕಿನ ಗುರುತಾದದ್ದಕ್ಕೆ ಎಂಡಿಎಚ್ ಮಸಾಲೆಯ ಧರಂಪಾಲ್ ಗುಲಾಟಿಯವರು ಪ್ರಸಿದ್ಧ ನಿದರ್ಶನ. ದೇಶ ವಿಭಜನೆಯ ಕಾಲದಲ್ಲಿ ಸಿಯಾಲ್‌ಕೋಟ್ ಬಿಟ್ಟು ದೆಹಲಿಗೆ ಬಂದು, ಕೆಲಕಾಲ ಟಾಂಗಾ ಓಡಿಸಿದ ಅವರು ಮುಂದೆ ತಮ್ಮ ಜಾಹೀರಾತುಗಳಲ್ಲಿ ತಾವೇ ಕಾಣಿಸಿಕೊಂಡರು. 2020ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡ ಮೇಲೂ ಪೇಟ ಧರಿಸಿದ ಆ ಮುಖ ಪೊಟ್ಟಣದ ಮೇಲೆ ಉಳಿಯಿತು. ಮುಖ ವ್ಯಕ್ತಿಯದು, ಪೊಟ್ಟಣ ಕಂಪನಿಯದು.

ಬೆಂಗಳೂರಿನ ಎಂಟಿಆರ್ ಹಿಡಿದದ್ದು ಬೇರೆ ದಾರಿ. 1924ರಲ್ಲಿ ಆರಂಭವಾದ ಆ ಉಪಾಹಾರ ಗೃಹ ಕಡೆಗೆ ನೆಲೆನಿಂತದ್ದು ಮಾವಳ್ಳಿ ಎಂಬ ಸ್ಥಳದ ಹೆಸರಿನಲ್ಲಿ. ಅದನ್ನು ಬೆಳೆಸಿದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪ್ ಪ್ರವಾಸ ಮಾಡಿ ಬಂದ ನಂತರ ಶುಚಿತ್ವಕ್ಕೆ ವಿಶೇಷ ಗಮನ ಕೊಟ್ಟು, ಗಿರಾಕಿಗಳಿಗೆ ಅಡುಗೆಮನೆಯನ್ನೇ ತೆರೆದು ತೋರಿಸಿದರು. ಇದಕ್ಕಿಂತ ಉತ್ತಮ ಸಾರ್ವಜನಿಕ ಸಂಪರ್ಕ ಇನ್ನೇನಿದ್ದೀತು! 2007ರಲ್ಲಿ ಎಂಟಿಆರ್‌ನ ಸಿದ್ಧ ಆಹಾರದ ಉದ್ಯಮವನ್ನು ನಾರ್ವೆಯ ಓರ್ಕ್ಲಾ ಸಂಸ್ಥೆ ಕೊಂಡಿತು. ಲಾಲ್‌ಬಾಗ್ ರಸ್ತೆಯ ಹೋಟೆಲು ಕುಟುಂಬದವರಲ್ಲೇ ಉಳಿಯಿತು. ಹೆಸರು ಒಬ್ಬ ವ್ಯಕ್ತಿಗೆ ಅಂಟಿಕೊಳ್ಳದೆ ಇದ್ದುದರಿಂದ ಇಂಥ ವಿಂಗಡಣೆ ಸುಲಭವಾಯಿತೆಂದು ನನ್ನ ಅಭಿಪ್ರಾಯ.

ಇದಕ್ಕೆ ತದ್ವಿರುದ್ಧವಾದದ್ದು ಇಂಗ್ಲೆಂಡಿನ ಆಭರಣ ವರ್ತಕ ಜೆರಾಲ್ಡ್ ರಾಟ್ನರ್ ಅವರ ಕಥೆ. 1991ರ ಏಪ್ರಿಲ್‌ನಲ್ಲಿ ಲಂಡನ್ನಿನ ಉದ್ಯಮಿಗಳ ಸಭೆಯೊಂದರಲ್ಲಿ ಅವರು ತಮ್ಮ ಅಂಗಡಿಯ ಸರಕನ್ನೇ ಹಾಸ್ಯಕ್ಕಾಗಿ ಹೀನಾಯವಾಗಿ ಜರೆದರು. ಮರುದಿನದ ಪತ್ರಿಕೆಗಳಲ್ಲಿ ಅದೇ ಸುದ್ದಿ. ಷೇರು ಕುಸಿಯಿತು, ಮುಂದಿನ ವರ್ಷ ಅವರು ಸಂಸ್ಥೆಯನ್ನು ಬಿಡಬೇಕಾಯಿತು, 1993ರಲ್ಲಿ ಕಂಪನಿಯು ರಾಟ್ನರ್ ಎಂಬ ಹೆಸರನ್ನೇ ಕಳಚಿ ಸಿಗ್ನೆಟ್ ಎಂದಾಯಿತು. ಆಗ ಜಾಲತಾಣಗಳಿರಲಿಲ್ಲ ಎಂಬುದನ್ನು ಗಮನಿಸಬೇಕು. ಇಂದಾದರೆ ಸಭೆ ಮುಗಿಯುವಷ್ಟರಲ್ಲಿ ಆ ತುಣುಕು ಊರೆಲ್ಲ ಸುತ್ತಿರುತ್ತಿತ್ತು.

ದೊಡ್ಡ ಕಂಪನಿಗಳ ಮಾತು ಹಾಗಿರಲಿ. ನನ್ನಲ್ಲಿ ಲೆಕ್ಕ ಮಾಡಿಸುವ ಒಂದು ಪಾಲುದಾರಿಕೆ ಸಂಸ್ಥೆ ಹಪ್ಪಳ, ಚಟ್ನಿಪುಡಿ ತಯಾರಿಸುತ್ತದೆ. ಪಾಲುದಾರರಿಬ್ಬರೂ ಅಣ್ಣತಮ್ಮಂದಿರ ಮಕ್ಕಳು. ಹಿರಿಯರು ತಯಾರಿಕೆ ನೋಡಿಕೊಂಡರೆ, ಕಿರಿಯರು ವಿಡಿಯೋಗಳಲ್ಲಿ ಮಾತನಾಡಿ ಹೊರ ಊರುಗಳ ಆರ್ಡರ್ ತರುತ್ತಿದ್ದರು. ಕಿರಿಯರು ಬೇರೆಯಾಗಲು ಬಯಸಿದಾಗ ಯಂತ್ರಗಳು, ದಾಸ್ತಾನು, ಬರತಕ್ಕ ಬಾಕಿ, ಕಡೆಗೆ ಖಾಲಿ ಡಬ್ಬಗಳವರೆಗೆ ಬೆಲೆ ಕಟ್ಟಿದೆವು. ಪುಟದ ಮಾತು ಬಂದಾಗ ಎಲ್ಲರೂ ಸುಮ್ಮನಾದರು. ಪುಟವಿದ್ದುದು ಕಿರಿಯರ ಸ್ವಂತ ಮೊಬೈಲ್ ಸಂಖ್ಯೆಯಲ್ಲಿ. ಆರ್ಡರ್ ಬರುತ್ತಿದ್ದ ವಾಟ್ಸಾಪ್ ಸಂಖ್ಯೆಯೂ ಅದೇ. “ಮುಖ ನನ್ನದು, ಮಾತು ನನ್ನದು” ಎಂದರು ಅವರು. “ಚಿತ್ರೀಕರಣದ ಖರ್ಚು ಸಂಸ್ಥೆಯದು, ಹಪ್ಪಳ ಸಂಸ್ಥೆಯದು” ಎಂದರು ಹಿರಿಯರು. ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಪಾಲುದಾರಿಕೆ ಪತ್ರದಲ್ಲಿ ಮಾತ್ರ ಒಂದು ಸಾಲೂ ಇರಲಿಲ್ಲ. ಎಂಟು ತಿಂಗಳು ಎಳೆದಾಡಿ, ಪುಟವನ್ನು ಸಂಸ್ಥೆಗೆ ಬಿಟ್ಟು ಕಿರಿಯರಿಗೆ ಹಣ ಕೊಡುವುದೆಂದು ತೀರ್ಮಾನವಾಯಿತು. ಆ ವೇಳೆಗೆ ದೀಪಾವಳಿಯ ಆರ್ಡರುಗಳು ಕೈತಪ್ಪಿದ್ದವು.

ಲೆಕ್ಕಕ್ಕೆ ಸಿಗದ ಆಸ್ತಿ

ಈ ತೊಡಕಿಗೆ ಲೆಕ್ಕಪದ್ಧತಿಯ ಪಾಲೂ ಉಂಟು. 26ನೇ ಲೆಕ್ಕಪತ್ರ ಮಾನಕದ ಪ್ರಕಾರ, ಸಂಸ್ಥೆಯು ತಾನೇ ಬೆಳೆಸಿಕೊಂಡ ಸುನಾಮವನ್ನಾಗಲಿ, ಬ್ರ್ಯಾಂಡನ್ನಾಗಲಿ, ಗಿರಾಕಿಗಳ ಪಟ್ಟಿಯನ್ನಾಗಲಿ ಅಢಾವೆ ಪತ್ರಿಕೆಯಲ್ಲಿ ಆಸ್ತಿಯೆಂದು ತೋರಿಸುವಂತಿಲ್ಲ. ಹಣ ಕೊಟ್ಟು ಕೊಂಡ ಬ್ರ್ಯಾಂಡನ್ನು ತೋರಿಸಬಹುದು. ಹೀಗಾಗಿ ಪುಟಕ್ಕಾಗಿ ಮಾಡಿದ ವೆಚ್ಚ ವರ್ಷವರ್ಷವೂ ಲಾಭ-ನಷ್ಟದ ಖಾತೆಯಲ್ಲಿ ಕರಗಿಹೋಗುತ್ತದೆ. ಅದರಿಂದ ಬೆಳೆದ ಮೌಲ್ಯ ಎಲ್ಲಿಯೂ ಕಾಣುವುದಿಲ್ಲ. ಕಾಣದ ಆಸ್ತಿಗೆ ಕಾವಲೂ ಇರುವುದಿಲ್ಲ.

ಕಾನೂನು ಅಷ್ಟು ಕುರುಡಲ್ಲ. 1932ರ ಪಾಲುದಾರಿಕೆ ಕಾಯ್ದೆಯ 14ನೇ ಕಲಂ, ಪಾಲುದಾರರು ಬೇರೆ ಒಪ್ಪಂದ ಮಾಡಿಕೊಂಡಿರದಿದ್ದರೆ, ಸುನಾಮವನ್ನು ಸಂಸ್ಥೆಯ ಸ್ವತ್ತೆಂದೇ ಎಣಿಸುತ್ತದೆ. 36ನೇ ಕಲಂ ಪ್ರಕಾರ ಹೊರಹೋದ ಪಾಲುದಾರರು ಅದೇ ವ್ಯಾಪಾರ ಮಾಡಬಹುದು, ಜಾಹೀರಾತನ್ನೂ ಕೊಡಬಹುದು. ಆದರೆ ಸಂಸ್ಥೆಯ ಹೆಸರು ಬಳಸುವಂತಿಲ್ಲ, ಅದರ ಹಳೆಯ ಗಿರಾಕಿಗಳನ್ನು ಕರೆಯುವಂತಿಲ್ಲ. ತಮ್ಮ ಪುಟದ ಸಾವಿರಾರು ಅನುಯಾಯಿಗಳಿಗೆ ಹೊಸ ಅಂಗಡಿಯ ವಿಡಿಯೋ ಹಾಕಿದರೆ ಅದು ಜಾಹೀರಾತೋ, ಗಿರಾಕಿಗಳನ್ನು ಕರೆದಂತೆಯೋ? 1932ರಲ್ಲಿ ಯಾರೂ ಊಹಿಸದ ಪ್ರಶ್ನೆ ಇದು. ನ್ಯಾಯಾಲಯದವರೆಗೆ ಹೋಗಿ ಉತ್ತರ ಪಡೆಯುವುದಕ್ಕಿಂತ ಪಾಲುದಾರಿಕೆ ಪತ್ರದಲ್ಲಿ ಎರಡು ಸಾಲು ಸೇರಿಸುವುದು ಅಗ್ಗ: ಪುಟ, ಚಾನೆಲ್, ದೂರವಾಣಿ ಸಂಖ್ಯೆಗಳು ಸಂಸ್ಥೆಯ ಸ್ವತ್ತು, ಹೊರಹೋಗುವವರ ಮುಖವಿರುವ ಹಳೆಯ ವಿಡಿಯೋಗಳನ್ನು ಇಂತಿಷ್ಟು ಕಾಲ ಬಳಸಬಹುದು. ಸಿಮ್ ಕಾರ್ಡನ್ನು ಸಂಸ್ಥೆಯ ಹೆಸರಿನಲ್ಲೇ ಪಡೆಯಿರಿ. ಪುಟದ ಹಿಡಿತ ಇಬ್ಬರ ಕೈಯಲ್ಲಿರಲಿ. ಪುಟ ನೋಡಿಕೊಳ್ಳಲು ನೇಮಿಸಿದ ಹುಡುಗನ ಸ್ವಂತ ಇಮೇಲ್‌ನಲ್ಲಿ ಖಾತೆ ತೆರೆದಿರುವ ಅಂಗಡಿಗಳನ್ನು ನಾನು ಕಂಡಿದ್ದೇನೆ. ಆತ ಬೇರೆ ಕೆಲಸ ಹಿಡಿದ ದಿನ ಅಂಗಡಿಯ ಬೋರ್ಡನ್ನೇ ಹೊತ್ತುಕೊಂಡು ಹೋದಂತೆ.

ತಾವು ಮಾತನಾಡಲು ಸಂಕೋಚವಿರುವವರು ಇನ್‌ಫ್ಲುಯೆನ್ಸರ್‌ಗಳನ್ನು ಹಿಡಿಯುತ್ತಾರೆ. ಅಲ್ಲಿಯೂ ಎಚ್ಚರ ಬೇಕು. ಅವರಿಗೆ ಕೊಟ್ಟ ಸರಕನ್ನು ಅವರು ಹಿಂದಿರುಗಿಸದೆ ಇಟ್ಟುಕೊಂಡು, ವರ್ಷದ ಒಟ್ಟು ಮೌಲ್ಯ 20,000 ರೂಪಾಯಿ ದಾಟಿದರೆ ಶೇ. 10ರಷ್ಟು ಮೂಲದಲ್ಲಿ ತೆರಿಗೆ ಕಡಿತದ ಹೊಣೆ ನಿಮ್ಮದು. 2022ರ ಜುಲೈ 1ರಿಂದ 194ಆರ್ ಕಲಂ ಮೂಲಕ ಬಂದ ನಿಯಮವಿದು. ಹಿಂದಿನ ವರ್ಷ 1 ಕೋಟಿ ರೂಪಾಯಿಯೊಳಗೆ ವಹಿವಾಟು ನಡೆಸಿದ ಏಕವ್ಯಕ್ತಿ ವ್ಯಾಪಾರಿಗಳಿಗೆ ವಿನಾಯಿತಿಯುಂಟು, ಪಾಲುದಾರಿಕೆ ಸಂಸ್ಥೆಗಳಿಗಿಲ್ಲ. ಹಣ ಪಡೆದು ಹೊಗಳಿದ್ದನ್ನು ಮುಚ್ಚಿಡುವಂತೆಯೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡ ಬೀಳಬಹುದು.

ಕಡೆಯದಾಗಿ ವ್ಯಾಪಾರ ಚಿಹ್ನೆಯ ನೋಂದಣಿ. ಪುಟವೇ ಕೈತಪ್ಪಿದರೂ ಹೆಸರನ್ನು ಉಳಿಸಿಕೊಳ್ಳಲು ಆಧಾರವಾಗುವ ದಾಖಲೆ ಅದು. ಅರ್ಜಿಯನ್ನು ಸಂಸ್ಥೆಯ ಹೆಸರಿನಲ್ಲೇ ಸಲ್ಲಿಸತಕ್ಕದ್ದು. ಪಾಲುದಾರರೊಬ್ಬರ ಹೆಸರಿನಲ್ಲಿ ಸಲ್ಲಿಸಿದರೆ ಹಳೆಯ ಜಗಳವೇ ಹೊಸ ರೂಪದಲ್ಲಿ ಬರುತ್ತದೆ. ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಅರ್ಜಿಯ ಶುಲ್ಕ ಪ್ರತಿ ವರ್ಗಕ್ಕೆ 4,500 ರೂಪಾಯಿ, ಉಳಿದ ಸಂಸ್ಥೆಗಳಿಗೆ 9,000. ನೋಂದಣಿಯ ಅವಧಿ 10 ವರ್ಷ, ನಂತರ ನವೀಕರಿಸಬಹುದು. ರಿಯಾಯಿತಿ ಶುಲ್ಕ ಬೇಕಾದವರು ಉದ್ಯಮ್ ನೋಂದಣಿ ಪತ್ರವನ್ನು ಅರ್ಜಿಯೊಡನೆ ಲಗತ್ತಿಸಬೇಕು.