ನೋಡತಕ್ಕ ಕೆಲವು ಭಯಾನಕ ಚಿತ್ರಗಳು



ವಾಚನಾಲಯದಲ್ಲಿ ಸಿನೆಮಾದ ಮಾತು ಬಂದಾಗಲೆಲ್ಲ ದೆವ್ವದ ಚಿತ್ರಗಳ ವಿಷಯದಲ್ಲಿ ಎರಡು ಪಂಗಡಗಳಾಗುವುದುಂಟು. ‘ಅವು ಬರೀ ಕಿರಿಚಾಟ, ದುಡ್ಡು ದಂಡ’ ಎನ್ನುವವರು ಒಂದು ಕಡೆ; ಬಂದ ಚಿತ್ರವನ್ನೆಲ್ಲ ಬಿಡದೆ ನೋಡಿ ರಾತ್ರಿ ದೀಪ ಆರಿಸಲು ಅಂಜುವವರು ಇನ್ನೊಂದು ಕಡೆ. ಇಬ್ಬರಿಗೂ ಉಪಯೋಗವಾಗಲೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ. ವಾರಕ್ಕೊಂದು ದಿನ ಬಿಡುವು ಸಿಕ್ಕುವ ನಮ್ಮಂಥವರಿಗೆ ಎರಡು ಗಂಟೆಯ ಹೊತ್ತೂ ಸಣ್ಣದಲ್ಲ, ಟಿಕೇಟಿನ ಹಣವೂ ಸಣ್ಣದಲ್ಲ. ನೂರು ವರ್ಷಗಳಿಂದ ತಯಾರಾಗುತ್ತ ಬಂದ ಈ ಚಿತ್ರಗಳಲ್ಲಿ ಯಾವುದನ್ನು ನೋಡಬೇಕು, ಏಕೆ ನೋಡಬೇಕು ಎಂಬುದನ್ನು ತಿಳಿದು ನೋಡಿದರೆ ಲಾಭವುಂಟು.

ಭಯವೂ ಒಂದು ರಸ

ನಮ್ಮವರಿಗೆ ಇದು ಹೊಸ ವಿಷಯವಲ್ಲ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಶೃಂಗಾರ, ಹಾಸ್ಯ, ಕರುಣಗಳ ಜೊತೆಗೆ ಭಯಾನಕವನ್ನೂ ಬೀಭತ್ಸವನ್ನೂ ರಸಗಳೆಂದು ಎಣಿಸಿದ್ದಾರೆ. ಭಯಾನಕಕ್ಕೆ ಭಯವು ಸ್ಥಾಯಿಭಾವ; ಬೀಭತ್ಸಕ್ಕೆ ಜುಗುಪ್ಸೆ, ಎಂದರೆ ಹೇಸಿಗೆ. ಇವೆರಡರ ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಬಾಗಿಲ ಹಿಂದೆ ಯಾರೋ ನಿಂತಿದ್ದಾರೆಂಬ ಅನುಮಾನ ಭಯಾನಕ. ರಕ್ತಮಾಂಸಗಳನ್ನು ತೆರೆಯ ತುಂಬ ಚೆಲ್ಲುವುದು ಬೀಭತ್ಸ. ಮೊದಲನೆಯದು ಕೈಗೆ ಹತ್ತದ ಚಿತ್ರಕಾರನು ಎರಡನೆಯದನ್ನು ಹಿಡಿಯುತ್ತಾನೆ.

ಕರಾವಳಿಯ ಮಿತ್ರರು ಯಕ್ಷಗಾನದ ಬಣ್ಣದ ವೇಷವನ್ನು ನೆನೆಯಲಿ. ರಕ್ಕಸನು ಕಾಣುವ ಮೊದಲೇ ಅವನ ಆರ್ಭಟ ಕೇಳುತ್ತದೆ, ಚೆಂಡೆಯ ಪೆಟ್ಟು ಏರುತ್ತದೆ, ಹಿಡಿದ ತೆರೆಯ ಮೇಲೆ ಕಿರೀಟದ ತುದಿ ಮಾತ್ರ ಕಾಣುತ್ತದೆ. ಮುಖ ಪೂರ್ತಿ ಕಾಣುವಷ್ಟರಲ್ಲಿ ಮಕ್ಕಳು ತಾಯಿಯ ಸೆರಗಿನೊಳಗೆ ಸೇರಿರುತ್ತಾರೆ. ಒಳ್ಳೆಯ ಭಯಾನಕ ಚಿತ್ರಗಳ ಕ್ರಮವೂ ಇದೇ.

ಇನ್ನೊಂದು ಮಾತು. ಕಾಲದ ಹೊಡೆತಕ್ಕೆ ಉಳಿದುಬಂದ ಚಿತ್ರಗಳಲ್ಲಿ ಭೂತಪ್ರೇತಗಳಿಗಿಂತ ಮೊದಲು ಸಂಸಾರಸ್ಥರ ಯಾವುದಾದರೊಂದು ಅಂಜಿಕೆ ಇರುತ್ತದೆ: ಸಾಲ, ಬಾಡಿಗೆಯ ಮನೆ, ರೋಗ, ನೆರೆಹೊರೆ, ಯಜಮಾನನ ಲೆಕ್ಕಾಚಾರ. ಭೂತವು ಆ ಅಂಜಿಕೆಗೆ ತೊಡಿಸಿದ ವೇಷ. ಈ ಎರಡು ಅಳತೆಗಳಿಂದ ಮುಂದಿನ ಚಿತ್ರಗಳನ್ನು ಆರಿಸಿದ್ದೇವೆ.

ಮೂಕಚಿತ್ರಗಳ ಕಾಲ

ಮೊದಲನೆಯ ಮಹಾಯುದ್ಧದಲ್ಲಿ ಸೋತು ಬಳಲಿದ ಜರ್ಮನಿಯಲ್ಲಿ ಈ ಜಾತಿಯ ಚಿತ್ರಗಳು ಮೈತುಂಬಿಕೊಂಡವು. 1920ರಲ್ಲಿ ರಾಬರ್ಟ್ ವೀನೆ ಎಂಬವರು ‘ಡಾಕ್ಟರ್ ಕಾಲಿಗಾರಿ’ಯ ಚಿತ್ರವನ್ನು ತೆಗೆದರು. ಜಾತ್ರೆಯಲ್ಲಿ ಆಟ ತೋರಿಸುವವನೊಬ್ಬನು ನಿದ್ದೆಯಲ್ಲಿ ನಡೆಯುವ ಮನುಷ್ಯನಿಂದ ಕೊಲೆ ಮಾಡಿಸುವ ಕಥೆ ಅದು. ಗೋಡೆಗಳು ಓರೆ, ಕಿಟಕಿಗಳು ಸೊಟ್ಟ. ನೆರಳುಗಳನ್ನು ಕೂಡ ಬಣ್ಣದಿಂದ ಬರೆದಿದ್ದಾರೆ. ನಮ್ಮ ನಾಟಕ ಕಂಪೆನಿಗಳ ಪರದೆಗಳನ್ನು ಕಂಡವರಿಗೆ ಇದರ ಸೊಗಸು ಬೇಗ ತಿಳಿದೀತು.

ಎರಡು ವರ್ಷಗಳ ಮೇಲೆ, 1922ರಲ್ಲಿ, ಮುರ್ನಾವ್ ಅವರ ‘ನೊಸ್ಫೆರಾಟು’ ಬಂದಿತು. ಗುಮಾಸ್ತರಾದವರು ಇದನ್ನು ನೋಡಲೇಬೇಕು. ಮನೆಗಳ ದಲ್ಲಾಳಿಯ ಕಚೇರಿಯ ಯುವಕನೊಬ್ಬನು ಯಜಮಾನನ ಅಪ್ಪಣೆಯಂತೆ ದೂರದ ಜಹಗೀರುದಾರನೊಬ್ಬನಿಗೆ ಮನೆ ಮಾರಲು ಹೋಗುತ್ತಾನೆ. ಆ ಗಿರಾಕಿಯೋ ರಕ್ತ ಹೀರುವ ಪಿಶಾಚಿ! ಯುವಕನ ಎದುರುಮನೆಯನ್ನೇ ಕೊಂಡು, ಇಲಿಗಳನ್ನೂ ಪ್ಲೇಗನ್ನೂ ಹಡಗಿನಲ್ಲಿ ಹೊತ್ತುಕೊಂಡು ಊರಿಗೆ ಬರುತ್ತಾನೆ. ಅವನ ನೆರಳು ಮೆಟ್ಟಿಲು ಹತ್ತುವ ದೃಶ್ಯವನ್ನು ಕಂಡವರು ಮರೆಯುವಂತಿಲ್ಲ. ಬ್ರಾಮ್ ಸ್ಟೋಕರರ ‘ಡ್ರಾಕುಲಾ’ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿಕೊಂಡರೆಂದು ಅವರ ವಿಧವೆ ದಾವೆ ಹೂಡಿದರು. ಪ್ರತಿಗಳನ್ನೆಲ್ಲ ನಾಶಪಡಿಸಬೇಕೆಂದು ತೀರ್ಪಾಯಿತು. ಆದರೂ ಕೆಲವು ಪ್ರತಿಗಳು ಉಳಿದುಕೊಂಡುದರಿಂದ ಚಿತ್ರವು ಇಂದು ನಮಗೆ ದೊರೆಯುತ್ತದೆ. ಮೂಕಚಿತ್ರವಾದುದರಿಂದ ಪರಭಾಷೆ ಬಾರದವರಿಗೂ ಹೆಚ್ಚು ತೊಡಕಿಲ್ಲ.

ಮಾತು ಬಂದ ಮೇಲೆ

1931ರಲ್ಲಿ ಅಮೆರಿಕದ ಯೂನಿವರ್ಸಲ್ ಕಂಪೆನಿಯು ‘ಡ್ರಾಕುಲಾ’ ಮತ್ತು ‘ಫ್ರಾಂಕನ್‌ಸ್ಟೈನ್’ ಎಂಬ ಎರಡು ಚಿತ್ರಗಳನ್ನು ಹೊರತಂದಿತು. ಒಂದನ್ನೇ ನೋಡುವುದಾದರೆ ಎರಡನೆಯದನ್ನು ನೋಡಿರಿ. ಹೆಣಗಳ ತುಂಡುಗಳಿಂದ ವಿಜ್ಞಾನಿಯೊಬ್ಬನು ಸೃಷ್ಟಿಸಿದ ಜೀವವಾಗಿ ಬೋರಿಸ್ ಕಾರ್ಲಾಫ್ ನಟಿಸಿದ್ದಾರೆ. ಪಾತ್ರಕ್ಕೆ ಮಾತೇ ಇಲ್ಲ. ಹುಟ್ಟಿಸಿದವನೇ ಕೈಬಿಟ್ಟ ಆ ಪ್ರಾಣಿಯನ್ನು ಕಂಡು ಮೊದಲು ಅಂಜಿದವರು ಕೊನೆಗೆ ಮರುಗುತ್ತಾರೆ.

1942ರ ‘ಕ್ಯಾಟ್ ಪೀಪಲ್’ ಕಡಿಮೆ ಖರ್ಚಿನಲ್ಲಿ ತಯಾರಾದುದು. ವಾಲ್ ಲ್ಯೂಟನ್ ನಿರ್ಮಾಪಕರು, ಜಾಕ್ ಟೂರ್ನರ್ ನಿರ್ದೇಶಕರು. ತಾನು ಚಿರತೆಯಾಗಿ ಬದಲಾಗುವೆನೆಂದು ಅಂಜುವ ಹೆಣ್ಣಿನ ಕಥೆ. ಇನ್ನೊಬ್ಬ ಹೆಣ್ಣುಮಗಳು ರಾತ್ರಿ ಒಬ್ಬಳೇ ಬೀದಿಯಲ್ಲಿ ನಡೆಯುತ್ತಾಳೆ. ಹಿಂದೆ ಹೆಜ್ಜೆಯ ಸಪ್ಪಳ. ಆಮೇಲೆ ಅದೂ ನಿಲ್ಲುತ್ತದೆ. ಒಮ್ಮೆಲೇ ಬುಸ್ಸೆಂದು ಸದ್ದಾಗುತ್ತದೆ. ನೋಡಿದರೆ ಅದು ಬಂದು ನಿಂತ ಬಸ್ಸು! ಹೀಗೆ ಬೆಚ್ಚಿಬೀಳಿಸುವ ತಂತ್ರಕ್ಕೆ ಚಿತ್ರರಂಗದವರು ಇಂದಿಗೂ ‘ಲ್ಯೂಟನ್ ಬಸ್’ ಎಂದೇ ಹೇಳುತ್ತಾರೆ.

ಮುಂಬಯಿಯ ‘ಮಹಲ್’

ಜರ್ಮನಿಯ ಆ ಬೆಳಕುನೆರಳಿನ ವಿದ್ಯೆ ನಮ್ಮ ದೇಶಕ್ಕೂ ಬಂದಿತು. ಜೋಸೆಫ್ ವಿರ್ಶಿಂಗ್ ಎಂಬ ಜರ್ಮನ್ ಛಾಯಾಗ್ರಾಹಕರು ಮಲಾಡಿನ ಬಾಂಬೆ ಟಾಕೀಸ್‌ನಲ್ಲಿ ಕೆಲಸಕ್ಕಿದ್ದರು. 1949ರಲ್ಲಿ ಕಮಾಲ್ ಅಮ್ರೋಹಿ ನಿರ್ದೇಶಿಸಿದ ‘ಮಹಲ್’ ಚಿತ್ರವನ್ನು ಸೆರೆಹಿಡಿದವರು ಅವರೇ. ಅಶೋಕ್ ಕುಮಾರ್ ಹಳೆಯ ಮಹಲಿಗೆ ಬರುತ್ತಾರೆ. ಗೋಡೆಯ ಮೇಲಿನ ಹಳೆಯ ಚಿತ್ರಪಟದಲ್ಲಿ ತಮ್ಮದೇ ಮುಖವನ್ನು ಕಾಣುತ್ತಾರೆ. ಎಲ್ಲಿಂದಲೋ ಹೆಣ್ಣಿನ ಹಾಡು ಕೇಳುತ್ತದೆ. ರಕ್ತದ ಹನಿಯೂ ಇಲ್ಲದೆ ಎದೆ ನಡುಗುತ್ತದೆ. ಖೇಮ್‌ಚಂದ್ ಪ್ರಕಾಶರ ಸಂಗೀತದಲ್ಲಿ ಆ ಹಾಡನ್ನು ಹಾಡಿದವರು ಲತಾ ಮಂಗೇಶ್ಕರ್. ಮೊದಲ ಗ್ರಾಮಫೋನ್ ತಟ್ಟೆಗಳ ಮೇಲೆ ಗಾಯಕಿಯ ಹೆಸರಿನ ಬದಲು ಪಾತ್ರದ ಹೆಸರಾದ ‘ಕಾಮಿನಿ’ ಎಂದು ಅಚ್ಚಾಗಿತ್ತು. ಮಧುಬಾಲಾ ಅವರ ಕೀರ್ತಿಗೂ ಈ ಚಿತ್ರವೇ ಮೆಟ್ಟಿಲಾಯಿತು. 1962ರ ‘ಬೀಸ್ ಸಾಲ್ ಬಾದ್’, 1964ರ ‘ವೋ ಕೌನ್ ಥೀ’ ಇದೇ ದಾರಿಯಲ್ಲಿ ಬಂದವು.

1960ರ ದಶಕದ ಮೂರು ಬಗೆ

1960ರಲ್ಲಿ ಹಿಚ್‌ಕಾಕ್ ಅವರ ‘ಸೈಕೋ’ ಬಂದಿತು. ಇದರಲ್ಲಿ ಭೂತವಿಲ್ಲ. ಕಚೇರಿಯಲ್ಲಿ ಕೆಲಸ ಮಾಡುವ ಹೆಣ್ಣೊಬ್ಬಳಿಗೆ ಯಜಮಾನನು 40,000 ಡಾಲರ್ ಕೊಟ್ಟು ಬ್ಯಾಂಕಿನಲ್ಲಿ ಕಟ್ಟಿ ಬಾ ಎನ್ನುತ್ತಾನೆ. ಮದುವೆಯಾಗಬೇಕೆಂದ ಪ್ರಿಯಕರನು ಸಾಲದಲ್ಲಿದ್ದಾನೆ. ಅವಳು ಹಣದೊಡನೆ ಓಡಿಹೋಗುತ್ತಾಳೆ. ಪರರ ಹಣ ಎಣಿಸುವ ಕೆಲಸ ಮಾಡಿದವರಿಗೆ ಮೊದಲ ಅರ್ಧ ಗಂಟೆಯೇ ಸಾಕಷ್ಟು ಭಯ ಹುಟ್ಟಿಸುತ್ತದೆ. ದಾರಿಯಲ್ಲಿ ಪೋಲೀಸಿನವನು ಬರಿದೆ ನೋಡಿದರೂ ಎದೆ ಹೊಡೆದುಕೊಳ್ಳುತ್ತದೆ. ಮುಂದೆ ಬರುವ ಸ್ನಾನದ ಮನೆಯ ದೃಶ್ಯ ಮುಕ್ಕಾಲು ನಿಮಿಷದ್ದು. ಅದನ್ನು ಚಿತ್ರಿಸಲು ಒಂದು ವಾರ ಹಿಡಿಯಿತು. ಬರ್ನಾರ್ಡ್ ಹೆರ್ಮನ್‌ರು ತಂತಿವಾದ್ಯಗಳನ್ನಷ್ಟೇ ಬಳಸಿ ಸಂಗೀತ ಕೂಡಿಸಿದರು. ಆಟ ಆರಂಭವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದೆಂದು ಹಿಚ್‌ಕಾಕ್ ಕಟ್ಟುಮಾಡಿದ್ದರು. ನೀವೂ ಮೊದಲಿನಿಂದಲೇ ನೋಡಿರಿ. ನೋಡಿದವರಿಂದ ಕೊನೆ ಕೇಳಬೇಡಿರಿ.

ಜಪಾನಿನ ‘ಕ್ವೈದಾನ್’ 1964ರದು. ಮಸಾಕಿ ಕೋಬಾಯಾಶಿ ನಾಲ್ಕು ಹಳೆಯ ಕಥೆಗಳನ್ನು ಬಣ್ಣದಲ್ಲಿ ತೆಗೆದಿದ್ದಾರೆ. ಒಂದರಲ್ಲಿ ಕುರುಡ ಗಾಯಕನೊಬ್ಬನು ಯುದ್ಧದಲ್ಲಿ ಮಡಿದವರ ಪ್ರೇತಗಳ ಮುಂದೆ ಅವರ ಯುದ್ಧದ ಕಥೆಯನ್ನೇ ಹಾಡುತ್ತಾನೆ. ಅವನನ್ನು ಕಾಪಾಡಲು ಮಠದವರು ಮೈತುಂಬ ಮಂತ್ರ ಬರೆಯುತ್ತಾರೆ; ಕಿವಿಗಳ ಮೇಲೆ ಬರೆಯಲು ಮರೆಯುತ್ತಾರೆ. ಅಜ್ಜಿಯರ ಕಥೆ ಕೇಳಿ ಬೆಳೆದವರಿಗೆ ಇದು ಪರದೇಶದ್ದೆನಿಸುವುದಿಲ್ಲ.

1968ರಲ್ಲಿ ಜಾರ್ಜ್ ರೊಮೆರೊ ಎಂಬ ಅಮೆರಿಕದ ತರುಣನು ತೀರ ಕಡಿಮೆ ಹಣದಲ್ಲಿ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ತೆಗೆದನು. ಸತ್ತವರು ಎದ್ದು ಬದುಕಿದವರನ್ನು ತಿನ್ನಲು ಬರುತ್ತಾರೆ. ಒಂದು ಹೊಲದ ಮನೆಯಲ್ಲಿ ಏಳು ಜನ ಸಿಕ್ಕಿಬಿದ್ದಿದ್ದಾರೆ. ಕೆಳಗಿನ ನೆಲಮಾಳಿಗೆಯಲ್ಲಿ ಅಡಗಬೇಕೋ, ಮೇಲೆಯೇ ನಿಂತು ಕಾದಬೇಕೋ ಎಂದು ಅವರು ತಮ್ಮತಮ್ಮೊಳಗೇ ಜಗಳವಾಡುತ್ತಾರೆ. ಹೊರಗಿನ ಶವಗಳಿಗಿಂತ ಒಳಗಿನ ಈ ಒಡಕೇ ಹೆಚ್ಚು ಹಾನಿ ಮಾಡುತ್ತದೆ. ಒಂದೇ ಖೋಲಿಯಲ್ಲಿ ಆರೇಳು ಜನ ಕೂಡಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಸರು ಬದಲಿಸುವಾಗ ಹಕ್ಕಿನ ಗುರುತು ಬಿಟ್ಟುಹೋದುದರಿಂದ ಈ ಚಿತ್ರದ ಹಕ್ಕು ಅಮೆರಿಕದಲ್ಲಿ ಸಾರ್ವಜನಿಕರ ಪಾಲಾಯಿತು.

1970ರ ಮೇಲೆ

1973ರ ‘ಎಕ್ಸಾರ್ಸಿಸ್ಟ್’ ಮಗಳ ರೋಗವನ್ನು ಯಾವ ವೈದ್ಯನೂ ಗುರುತಿಸಲಾರದಾಗ ತಾಯಿ ಪಡುವ ಸಂಕಟದ ಚಿತ್ರ, ಮಕ್ಕಳಿಗೆ ತಕ್ಕುದಲ್ಲ. 1978ರ ‘ಹ್ಯಾಲೋವೀನ್’ ಮುಸುಕುಹಾಕಿದ ಕೊಲೆಗಾರನ ಜಾತಿಯದು. ಇದನ್ನು ಅನುಕರಿಸಿ ಬಂದವು ಬಹಳ. ಮೂಲವೊಂದನ್ನು ನೋಡಿದರೆ ಸಾಕು.

1979ರ ‘ಏಲಿಯನ್’ ಬಗ್ಗೆ ಮಾತ್ರ ನಾಲ್ಕು ಮಾತು ಹೆಚ್ಚು ಹೇಳಬೇಕು. ಸರಕು ಸಾಗಿಸುವ ಆಕಾಶನೌಕೆಯಲ್ಲಿ ಏಳು ಜನ ಕೆಲಸದವರು. ಯಂತ್ರದ ಕೋಣೆಯ ಇಬ್ಬರು ಆರಂಭದಲ್ಲಿಯೇ ಬೋನಸ್ಸಿನ ವಿಷಯ ಎತ್ತುತ್ತಾರೆ. ನೌಕೆಯೊಳಗೆ ಕ್ರೂರ ಪ್ರಾಣಿಯೊಂದು ಸೇರುತ್ತದೆ. ಕಂಪೆನಿಗೆ ಬೇಕಾದುದು ಆ ಪ್ರಾಣಿ, ಕೆಲಸದವರು ಸತ್ತರೂ ಅಡ್ಡಿಯಿಲ್ಲ ಎಂಬುದು ಕ್ರಮೇಣ ಗೊತ್ತಾಗುತ್ತದೆ. ನಿರ್ದೇಶಕ ರಿಡ್ಲಿ ಸ್ಕಾಟ್ ಪ್ರಾಣಿಯನ್ನು ಪೂರ್ತಿಯಾಗಿ ತೋರಿಸುವುದೇ ಅಪರೂಪ. ನಾವು ಮೇಲೆ ಹೇಳಿದ ಎರಡು ಅಳತೆಗಳಿಗೂ ಸರಿಹೊಂದುವ ಚಿತ್ರವಿದು.

ಹಿಂದಿಯಲ್ಲಿ ಇದೇ ಕಾಲಕ್ಕೆ ರಾಮ್‌ಸೆ ಸಹೋದರರು ಮನೆಮಾತಾದರು. 1984ರ ‘ಪುರಾನಾ ಮಂದಿರ್’ ಒಂದನ್ನು ತಮಾಷೆಗೆ ನೋಡಬಹುದು. 1998ರ ಜಪಾನಿ ಚಿತ್ರ ‘ರಿಂಗು’ವಿನಲ್ಲಿ ಒಂದು ವೀಡಿಯೋ ಟೇಪು ನೋಡಿದವರು ಏಳು ದಿನಗಳಲ್ಲಿ ಸಾಯುತ್ತಾರೆ, ಪಾಳುಗುಡಿಯ ದೆವ್ವವು ಮನೆಯ ಟಿ.ವಿ.ಯೊಳಕ್ಕೆ ಬಂದಂತಾಯಿತು. ರಾಮ್ ಗೋಪಾಲ್ ವರ್ಮಾ ಅವರ 2003ರ ‘ಭೂತ್’ ನಡೆಯುವುದು ಮುಂಬಯಿಯ ಬಹುಮಹಡಿ ಕಟ್ಟಡದ ಫ್ಲಾಟಿನಲ್ಲಿ, ಹಾಡುಗಳೇ ಇಲ್ಲ. 2018ರ ‘ತುಂಬಾಡ್’ ಕೊಂಕಣದ ಎಡೆಬಿಡದ ಮಳೆಯಲ್ಲಿ ನಡೆಯುವ, ಚಿನ್ನದ ನಾಣ್ಯಗಳ ಆಸೆಯ ಕಥೆ. ತಂದೆಯ ದುರಾಸೆ ಮಗನಿಗೂ ಅಂಟುವ ಬಗೆ ಮನಮುಟ್ಟುವಂತಿದೆ. ಅದು 2024ರಲ್ಲಿ ಮತ್ತೆ ತೆರೆಕಂಡು ಮೊದಲ ಸಲಕ್ಕಿಂತ ಹೆಚ್ಚು ಹಣ ಗಳಿಸಿತು.

ನಮ್ಮ ಭಾಷೆಯ ಎರಡು ಚಿತ್ರಗಳು

ಕನ್ನಡದಲ್ಲಿ ಎರಡನ್ನು ಒಂದರ ಬೆನ್ನಿಗೆ ಒಂದರಂತೆ ನೋಡಬೇಕೆಂದು ಸೂಚಿಸುತ್ತೇವೆ. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಅನಂತ್ ನಾಗ್ ಅವರ ಪಾತ್ರಕ್ಕೆ ಹೆಣ್ಣಿನ ಪ್ರೇತ ಮೆಟ್ಟಿಕೊಳ್ಳುತ್ತದೆ, ಹೆಂಡತಿಯಾಗಿ ಲಕ್ಷ್ಮಿ ನಟಿಸಿದ್ದಾರೆ. ಪ್ರೇತವು ನಿಜ, ಪರಿಹಾರವು ಮಂತ್ರಾಲಯದ ರಾಯರ ಕೃಪೆ. 2004ರ ‘ಆಪ್ತಮಿತ್ರ’ದಲ್ಲಿ ವಿಷ್ಣುವರ್ಧನ್ ಮನೋವೈದ್ಯರು. ಮೇಲ್ನೋಟಕ್ಕೆ ನಾಗವಲ್ಲಿ ಎಂಬ ನರ್ತಕಿಯ ಪ್ರೇತದ ಕಾಟ. ಬಿಚ್ಚಿ ನೋಡಿದರೆ ಅದು ಮನಸ್ಸಿನ ಬೇನೆ. ಬೇನೆಬಿದ್ದ ಗಂಗೆಯಾಗಿ ಸೌಂದರ್ಯ ನಟಿಸಿದರು. ಚಿತ್ರ ತೆರೆಕಾಣುವ ಮೊದಲೇ, ಆ ವರ್ಷದ ಏಪ್ರಿಲ್‌ನಲ್ಲಿ, ಅವರು ವಿಮಾನಾಪಘಾತದಲ್ಲಿ ತೀರಿಕೊಂಡರು. ಕಥೆಯ ಮೂಲ 1993ರ ಮಲೆಯಾಳ ಚಿತ್ರ ‘ಮಣಿಚಿತ್ರತ್ತಾಳ್’. ಅದರ ನಟನೆಗಾಗಿ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು.

ಎರಡೂ ಚೆನ್ನಾಗಿ ತೆಗೆದ ಚಿತ್ರಗಳೇ. ಒಂದರಲ್ಲಿ ಭಕ್ತಿಯ ಸಮಾಧಾನ, ಇನ್ನೊಂದರಲ್ಲಿ ವೈದ್ಯನ ವಿವೇಕ. ಆದರೆ ಚಿತ್ರಮಂದಿರದ ಹೊರಗೆ ಇವೆರಡರ ನಡುವೆ ಆಯ್ಕೆ ಬಂದಾಗ ಎಚ್ಚರ ಬೇಕು. ಊರಿನಿಂದ ಕಾಗದ ಬರುತ್ತದೆ, ಇಲ್ಲವೆ ಫೋನು ಬರುತ್ತದೆ: ತಂಗಿ ಊಟ ಬಿಟ್ಟಿದ್ದಾಳೆ, ತನಗೆ ತಾನೇ ಮಾತಾಡುತ್ತಾಳೆ, ಗಾಳಿ ಸೋಕಿದೆ ಎನ್ನುತ್ತಾರೆ, ಮಂತ್ರವಾದಿಗೆ ಕೊಡಲು ಹಣ ಕಳಿಸು ಎಂದು. ದೇವರಿಗೆ ಹರಕೆ ಹೊರಲು ಯಾರ ಅಡ್ಡಿಯೂ ಇಲ್ಲ. ಆದರೆ ಹೊಡೆತ, ಬರೆ, ಉಪವಾಸಗಳಿಂದ ರೋಗ ಬಲಿಯುತ್ತದೆ, ಕಾಲವೂ ಹೋಗುತ್ತದೆ. ‘ಆಪ್ತಮಿತ್ರ’ದಲ್ಲಿ ತೋರಿಸಿದ ಚಿಕಿತ್ಸೆ ಕಥೆಗಾಗಿ ಹೆಣೆದದ್ದು, ನಿಜವಾದ ಚಿಕಿತ್ಸೆಗೆ ಔಷಧವೂ ತಾಳ್ಮೆಯೂ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ಹೆಸರನ್ನು ಎಲ್ಲರೂ ಬಲ್ಲಿರಿ. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ದೂರವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೂ ಉಚಿತವಾಗಿ ಸಲಹೆ ದೊರೆಯುತ್ತದೆ. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವಂತೆ ಎಲ್ಲ ಸದಸ್ಯರನ್ನೂ ಕೋರುತ್ತೇವೆ.

ನೋಡುವ ಕ್ರಮ

ಹೊಸಬರು ‘ಮಹಲ್’, ‘ಆಪ್ತಮಿತ್ರ’ಗಳಿಂದ ತೊಡಗಲಿ, ಆಮೇಲೆ ‘ನೊಸ್ಫೆರಾಟು’, ‘ಸೈಕೋ’, ಎದೆಗಟ್ಟಿಯಾದ ಮೇಲೆ ‘ಏಲಿಯನ್’, ‘ತುಂಬಾಡ್’. ಮೊಬೈಲಿನಲ್ಲಿ ನೋಡುವವರು ದೀಪ ಆರಿಸಿ, ಕಿವಿಗೆ ಇಯರ್‌ಫೋನ್ ಹಾಕಿ ನೋಡಿರಿ; ಈ ಚಿತ್ರಗಳಲ್ಲಿ ಅರ್ಧ ಕೆಲಸ ಸದ್ದಿನದು. ಖೋಲಿಯಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿದವರಿದ್ದರೆ ಅವರ ನಿದ್ದೆಯೂ ಕೆಡುವುದಿಲ್ಲ. ಮಕ್ಕಳಿಗೆ ‘ಮಹಲ್’ ಬಿಟ್ಟು ಬೇರಾವುದನ್ನೂ ತೋರಿಸದಿರುವುದು ಒಳ್ಳೆಯದು. ಒಬ್ಬರೇ ನೋಡುವುದಕ್ಕಿಂತ ಇಬ್ಬರು ಮೂವರು ಕೂಡಿ ನೋಡಿ, ಮುಗಿದ ಮೇಲೆ ‘ಇದರಲ್ಲಿ ನಾವು ಅಂಜಿದ್ದು ಯಾವುದಕ್ಕೆ?’ ಎಂದು ಮಾತಾಡಿರಿ. ಹಾಗೆ ಮಾತಾಡಿದವರಿಗೆ ಆ ರಾತ್ರಿ ದೀಪ ಆರಿಸುವುದು ಕಷ್ಟವಾಗಲಾರದು.

ಇಲ್ಲಿ ಬಿಟ್ಟುಹೋದ ಒಳ್ಳೆಯ ಚಿತ್ರಗಳನ್ನು ಬಲ್ಲ ಸದಸ್ಯರು ಹೆಸರು, ವರ್ಷಗಳೊಡನೆ ಒಂದು ಚೀಟಿಯಲ್ಲಿ ಬರೆದು ವಾಚನಾಲಯದ ಮೇಜಿನ ಮೇಲೆ ಇಡಬೇಕಾಗಿ ವಿನಂತಿ.