ಆನೆಗೊಂದಿಯ ಹುಚ್ಚಪ್ಪಯ್ಯನ ಮಠ ಮತ್ತು ನಮ್ಮ ಚರ್ಚುಗಳ ಗೋಡೆಗಳು

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯಿಂದ ಹಂಪಿಗೆ ಹೋಗುವವರು ಬಹಳ. ಆದರೆ ತುಂಗಭದ್ರೆಯ ಆಚೆ ದಡದಲ್ಲಿರುವ ಆನೆಗೊಂದಿಯನ್ನು ನೋಡಿ ಬರುವವರು ಕಡಿಮೆ. ಕಂಪ್ಲಿಯ ಸೇತುವೆ ದಾಟಿ ಗಂಗಾವತಿ ಮಾರ್ಗವಾಗಿ ಹೋದರೆ ಸಿಗುವ ಈ ಊರು ಕೊಪ್ಪಳ ಜಿಲ್ಲೆಗೆ ಸೇರಿದ್ದು, ಬಳ್ಳಾರಿ ಧರ್ಮಪ್ರಾಂತ್ಯದ ವ್ಯಾಪ್ತಿಯಲ್ಲೇ ಇದೆ. ವಿಜಯನಗರಕ್ಕಿಂತ ಹಳೆಯದಾದ ಈ ಊರಿನಲ್ಲಿ, ನದಿಯ ಹತ್ತಿರ, ಹುಚ್ಚಪ್ಪಯ್ಯನ ಮಠವೆಂಬ ಪಾಳುಬಿದ್ದ ಕಟ್ಟಡವಿದೆ.

ಯುರೋಪಿನ ಸಭಾಚರಿತ್ರೆಯನ್ನು ಓದಿದವರಿಗೆ 'ಪ್ರಯರಿ' ಎಂಬ ಪದ ಗೊತ್ತಿರುತ್ತದೆ. ಸನ್ಯಾಸಿಗಳು ಒಬ್ಬ ಹಿರಿಯನ ಕೆಳಗೆ ಕೂಡಿ ಬಾಳುತ್ತಿದ್ದ ಚಿಕ್ಕ ಆಶ್ರಮವದು. ನಮ್ಮ ನಾಡಿನ ಮಠಗಳೂ ಹೆಚ್ಚು ಕಡಿಮೆ ಅಂಥವೇ. ಹುಚ್ಚಪ್ಪಯ್ಯನ ಮಠದಲ್ಲಿ ಇಂದು ಪ್ರಾರ್ಥಿಸುವ ಸನ್ಯಾಸಿಗಳಿಲ್ಲ. ನುಣುಪಾದ ಕಪ್ಪು ಕಲ್ಲಿನ ಕಂಬಗಳು ನಿಂತಿವೆ. ತಲೆಯೆತ್ತಿ ನೋಡಿದರೆ ಛಾವಣಿಯಲ್ಲಿ ವಿಜಯನಗರ ಶೈಲಿಯ ಚಿತ್ರಗಳ ತುಣುಕುಗಳು ಕಾಣುತ್ತವೆ. ಹೆಂಗಸರ ಆಕೃತಿಗಳನ್ನು ಒಂದಕ್ಕೊಂದು ಹೆಣೆದು ಪಲ್ಲಕ್ಕಿಯ ರೂಪ ಕೊಟ್ಟಿರುವ ಚಿತ್ರ ಅವುಗಳಲ್ಲಿ ಹೆಸರಾದದ್ದು.

ಇಂಥ ಚಿತ್ರಗಳನ್ನು ಬರೆಯುತ್ತಿದ್ದ ಕ್ರಮ ಹೀಗೆ: ಮೊದಲು ಕಲ್ಲಿಗೆ ಸುಣ್ಣದ ಗಾರೆ, ಅದರ ಮೇಲೆ ನಯವಾದ ತೆಳು ಲೇಪ. ನಂತರ ಗೆರೆಗಳಿಂದ ಆಕಾರ ಮೂಡಿಸಿ, ಕೆಮ್ಮಣ್ಣಿನಂಥ ಬಣ್ಣಗಳನ್ನು ತುಂಬುತ್ತಿದ್ದರು. ಅಂದರೆ ಚಿತ್ರದ ಆಯುಸ್ಸು ಗಾರೆಯ ಆಯುಸ್ಸು. ಛಾವಣಿ ಸೋರಿದರೆ ಗಾರೆ ಕಲ್ಲನ್ನು ಬಿಡುತ್ತದೆ. ಗಾರೆ ಉದುರಿದರೆ ಚಿತ್ರವೂ ಹೋಯಿತು. ಹೊಗೆ, ಬಾವಲಿಗಳು, ಕೈಯಾಡಿಸುವ ಪ್ರವಾಸಿಗರು ಉಳಿದ ಹಾನಿಯನ್ನು ಮಾಡುತ್ತಾರೆ.

ಹಂಪಿಯ ವಿರೂಪಾಕ್ಷ ದೇವಾಲಯದ್ದು ಇನ್ನೊಂದು ಬಗೆಯ ಕಥೆ. ಅಲ್ಲಿನ ರಂಗಮಂಟಪವನ್ನು 1510ರ ಸುಮಾರಿಗೆ ಕೃಷ್ಣದೇವರಾಯ ಕಟ್ಟಿಸಿದ. ಅದರ ಛಾವಣಿಯಲ್ಲಿ ವಿದ್ಯಾರಣ್ಯರು ಪಲ್ಲಕ್ಕಿಯಲ್ಲಿ ಕುಳಿತು ಮೆರವಣಿಗೆಯಲ್ಲಿ ಸಾಗುವ ಚಿತ್ರವಿದೆ. ವಿದ್ಯಾರಣ್ಯರು 14ನೇ ಶತಮಾನದವರು. ಚಿತ್ರಗಳು 16ನೇ ಶತಮಾನದವೆಂದು ಕೆಲವರು, 19ನೇ ಶತಮಾನದ ಆರಂಭದವೆಂದು ಮತ್ತೆ ಕೆಲವರು ಹೇಳುತ್ತಾರೆ. ಹೇಗೆ ನೋಡಿದರೂ ಚಿತ್ರಕಾರ ವಿದ್ಯಾರಣ್ಯರನ್ನು ಕಣ್ಣಾರೆ ಕಂಡವನಲ್ಲ. ಜನರು ನೆನಪಿನಲ್ಲಿ ಇಟ್ಟುಕೊಂಡಿದ್ದ ಸನ್ಯಾಸಿಯನ್ನು ಅವನು ಬರೆದ.

ನಮ್ಮ ಕರಾವಳಿಯಲ್ಲೂ ಹೀಗೆಯೇ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದಲ್ಲಿ ಇಟಲಿಯ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಚಿತ್ರ ಬರೆದರು. ಸಂತ ಅಲೋಶಿಯಸ್ ಗೊನ್ಜಾಗ ತೀರಿಕೊಂಡದ್ದು 1591ರಲ್ಲಿ. ಮುನ್ನೂರು ವರ್ಷಗಳ ನಂತರ ಬರೆದ ಆ ಚಿತ್ರಗಳಿಂದಲೇ ನಮ್ಮಲ್ಲಿ ಅನೇಕರು ಆ ಸಂತರ ಮುಖವನ್ನು ಗುರುತಿಸುತ್ತೇವೆ. 1990ರ ದಶಕದಲ್ಲಿ ತಜ್ಞರಿಂದ ದುರಸ್ತಿ ಮಾಡಿಸಿದ್ದರಿಂದ ಅವು ಇಂದಿಗೂ ನಮ್ಮ ಕಣ್ಣಮುಂದೆ ಇವೆ.

ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ, 1536ರಿಂದ 1540ರೊಳಗೆ, ಆಶ್ರಮಗಳನ್ನು ಮುಚ್ಚಲಾಯಿತು. ಮುಂದೆ ಚರ್ಚುಗಳ ಗೋಡೆಚಿತ್ರಗಳ ಮೇಲೆ ಸುಣ್ಣ ಬಳಿದರು. ಶತಮಾನಗಳ ನಂತರ ಕೆಲವೆಡೆ ಆ ಸುಣ್ಣದ ಪದರವನ್ನು ಬಿಡಿಸಿದಾಗ ಕೆಳಗೆ ಚಿತ್ರಗಳು ಸಿಕ್ಕವು. ನಾವು ಇಂದು ಬಳಿಯುವ ಎನಾಮೆಲ್ ಬಣ್ಣ ಸುಣ್ಣದಷ್ಟು ಉದಾರಿಯಲ್ಲ.

ಈ ಮಾತನ್ನು ನಾವು ಸುಮ್ಮನೆ ಬರೆಯುತ್ತಿಲ್ಲ. ಜ್ಯೂಬಿಲಿ ಬಂತೆಂದರೆ ಚರ್ಚಿಗೆ ಹೊಸ ಬಣ್ಣ ಹೊಡೆಸುವುದು ನಮ್ಮಲ್ಲಿ ರೂಢಿ. ಒಂದು ಹಳೆಯ ಚರ್ಚಿನಲ್ಲಿ ಪೀಠದ ಹಿಂದಿನ ಬಳ್ಳಿ, ಹೂಗಳ ಚಿತ್ರ ಒಂದೇ ವಾರದಲ್ಲಿ ಕೆನೆಬಣ್ಣದಡಿ ಮಾಯವಾದದ್ದನ್ನು ನಾವು ಕಂಡಿದ್ದೇವೆ. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಫೋಟೊ ತೆಗೆದಿಡಬೇಕೆಂದೂ ಯಾರಿಗೂ ಹೊಳೆಯಲಿಲ್ಲ. ಆಗ ಸುಮ್ಮನಿದ್ದವರಲ್ಲಿ ನಾವೂ ಸೇರಿದ್ದೇವೆ.

ಆದ್ದರಿಂದ ಧರ್ಮಗುರುಗಳಲ್ಲಿ, ಪಾಲನಾ ಮಂಡಳಿಯವರಲ್ಲಿ ನಮ್ಮ ವಿನಂತಿ: ಬಣ್ಣದ ಡಬ್ಬ ತೆರೆಯುವ ಮೊದಲು ಗೋಡೆಗಳ ಫೋಟೊ ತೆಗೆಯಿರಿ. ಮಾಡಿನ ಸೋರಿಕೆಯನ್ನು ಮೊದಲು ನಿಲ್ಲಿಸಿ. ಹಳೆಯ ಚಿತ್ರವಿದ್ದರೆ ಒದ್ದೆ ಬಟ್ಟೆಯಿಂದ ಉಜ್ಜದೆ, ತಿಳಿದವರನ್ನು ಕೇಳಿ. ಹಂಪಿಗೆ ಹೋದಾಗ ಆನೆಗೊಂದಿಗೂ ಒಮ್ಮೆ ಹೋಗಿ ಬನ್ನಿ. ನೋಡಿಕೊಳ್ಳುವವರಿಲ್ಲದ ಪ್ರಾರ್ಥನೆಯ ಮನೆಯಲ್ಲಿ ಎಷ್ಟು ಉಳಿಯುತ್ತದೆ, ಎಷ್ಟು ಅಳಿಯುತ್ತದೆ ಎಂಬುದು ಆ ಛಾವಣಿಯ ಕೆಳಗೆ ನಿಂತಾಗ ತಿಳಿಯುತ್ತದೆ.