ತಾತನ ಕುಂಬಳಕಾಯಿ, ಮೊಮ್ಮಗಳ ಪಂಪ್ಕಿನ್



ಬೀಜ, ಗೊಬ್ಬರ, ಔಷಧಿಗಳ ವಿಷಯ ಬರೆಯುವ ಈ ಪುಟದಲ್ಲಿ ಈ ಸಲ ಕೆಲವು ಇಂಗ್ಲಿಷ್ ಮಾತುಗಳನ್ನು ಬರೆಯುತ್ತಿದ್ದೇನೆ. ಅದಕ್ಕೆ ಕಾರಣವುಂಟು.

ನನ್ನ ವೃತ್ತದ ಹಿರಿಯ ರೈತರೊಬ್ಬರ ಮಗಳು ಅಳಿಯ ಅಮೆರಿಕದಲ್ಲಿದ್ದಾರೆ. ಆರು ವರ್ಷದ ಮೊಮ್ಮಗಳಿಗೆ ಕನ್ನಡ ಅಷ್ಟಾಗಿ ಬಾರದು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಆ ಮಗು ಮೊಬೈಲಿನಲ್ಲಿ ಕಾಣಿಸಿಕೊಂಡು, ಕಿತ್ತಳೆ ಬಣ್ಣದ ದುಂಡನೆಯ ಉಡುಪು ತೊಟ್ಟು, “ತಾತಾ, ಡು ಯು ಹ್ಯಾವ್ ಪಂಪ್ಕಿನ್ಸ್?” ಎಂದು ಕೇಳಿತು. ಯಜಮಾನರ ಬೆನ್ನ ಹಿಂದೆಯೇ ಜಗಲಿಯ ಮೇಲೆ ಇಪ್ಪತ್ತು ಸಿಹಿಗುಂಬಳ ಒಟ್ಟಿತ್ತು. ಆದರೂ ಉತ್ತರ ಹೇಳಲಾಗಲಿಲ್ಲ. “ಸ್ವಾಮಿ, ಮಗು ಏನೋ ಕೇಳ್ತು, ನಾನು ಸುಮ್ಮನೆ ನಕ್ಕೆ. ಪ್ರತಿ ಸಲವೂ ಹಿಂಗೇ ನಗ್ತೀನಿ. ಇನ್ನೆಷ್ಟು ದಿನ ನಗಲಿ?” ಎಂದು ನನ್ನೊಡನೆ ಹೇಳಿಕೊಂಡರು.

ಈ ಸಂಕಟ ನನಗೂ ಗೊತ್ತು. ಕೃಷಿ ಡಿಪ್ಲೊಮಾ ಓದಲು ಹೋದ ಹೊಸತರಲ್ಲಿ, ಪಂಪ್ಕಿನ್ ಬೆಳೆದವರು ಯಾರು ಎಂದು ತರಗತಿಯಲ್ಲಿ ಕೇಳಿದಾಗ, ಕುಂಬಳದ ಬಳ್ಳಿಯ ನಡುವೆಯೇ ಬೆಳೆದ ನಾನು ತಲೆ ತಗ್ಗಿಸಿ ಕುಳಿತಿದ್ದೆ. ನಮಗೆ ವಸ್ತು ಗೊತ್ತು. ಅದರ ಇನ್ನೊಂದು ಹೆಸರು ಮಾತ್ರ ಗೊತ್ತಿಲ್ಲ. ಹೆಸರು ಕಲಿಯುವುದು ಬೆಳೆ ಬೆಳೆಯುವುದಕ್ಕಿಂತ ಕಷ್ಟದ ಕೆಲಸವೇನೂ ಅಲ್ಲ. ಆ ಹಬ್ಬದ ಮಾತುಗಳನ್ನು ಒಂದೊಂದಾಗಿ ನೋಡೋಣ.

1. ಹಾಲಿಡೇ. ಪವಿತ್ರವಾದ ದಿನ ಎಂಬುದು ಈ ಮಾತಿನ ಮೂಲ ಅರ್ಥ. ಹಬ್ಬದ ದಿನ ಕೆಲಸಕ್ಕೆ ಬಿಡುವಾದ್ದರಿಂದ ರಜೆ ಎಂಬ ಅರ್ಥವೂ ಬಂತು. ಬೇಸಿಗೆಯ ದೀರ್ಘ ರಜೆಗೆ ಅಮೆರಿಕದವರು ವೆಕೇಷನ್ ಎನ್ನುತ್ತಾರೆ.

2. ಹ್ಯಾಲೊವೀನ್. ಪ್ರತಿವರ್ಷ ಅಕ್ಟೋಬರ್ 31ರಂದು ಬರುವ ಹಬ್ಬ. ಮರುದಿನ, ನವೆಂಬರ್ 1, ಕ್ರೈಸ್ತರಿಗೆ ಸಕಲ ಸಂತರ ಹಬ್ಬ. ಹ್ಯಾಲೋ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಸಂತ. ಈವ್ ಎಂದರೆ ಹಬ್ಬದ ಹಿಂದಿನ ಸಂಜೆ. ನವೆಂಬರ್ 1 ನಮಗೆ ರಾಜ್ಯೋತ್ಸವವಾದ್ದರಿಂದ ದಿನಾಂಕ ಮರೆಯುವ ಹಾಗೇ ಇಲ್ಲ. ಅವರಿಗೆ 31ರ ಸಂಜೆಯಾದಾಗ ನಮಗೆ ರಾಜ್ಯೋತ್ಸವದ ಬೆಳಗು.

3. ಪಂಪ್ಕಿನ್. ಇದು ನಮ್ಮ ಸಿಹಿಗುಂಬಳ. ಬೂದುಗುಂಬಳ ಬೇರೆ, ಅದಕ್ಕೆ ಆಶ್ ಗೋರ್ಡ್ ಎನ್ನಬೇಕು. ಸಿಹಿಗುಂಬಳದ ತವರು ಅಮೆರಿಕ ಖಂಡವೇ. ಅಲ್ಲಿಂದಲೇ ಅದು ನಮ್ಮ ಹಿತ್ತಿಲಿಗೆ ಬಂದದ್ದು.

4. ಲ್ಯಾಂಟರ್ನ್. ನಾವು ಲಾಂದ್ರ, ಲಾಟೀನು ಎನ್ನುವುದು ಇದೇ ಮಾತು. ಕುಂಬಳಕಾಯಿಯ ತಿರುಳು ತೆಗೆದು, ಕಣ್ಣು ಮೂಗು ಬಾಯಿ ಕೊರೆದು, ಒಳಗೆ ದೀಪವಿಟ್ಟರೆ ಅದು ಜ್ಯಾಕ್-ಓ-ಲ್ಯಾಂಟರ್ನ್. ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಮೊದಲು ಟರ್ನಿಪ್ ಗೆಡ್ಡೆಯನ್ನು ಹೀಗೆ ಕೊರೆಯುತ್ತಿದ್ದರು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ಅಂಗಮಾರಿ ರೋಗ ತಗಲಿ ಭೀಕರ ಕ್ಷಾಮ ಬಂತು. ಹಾಸನದ ಕಡೆಯ ರೈತರಿಗೆ ಚೆನ್ನಾಗಿ ಪರಿಚಯವಿರುವ ಅಂಗಮಾರಿಯೇ ಅದು. ಸುಮಾರು ಹತ್ತು ಲಕ್ಷ ಜನ ಸತ್ತರು. ಲಕ್ಷಾಂತರ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಹಬ್ಬವೂ ಅವರ ಜೊತೆ ಹೋಯಿತು. ಅಲ್ಲಿ ಕೊರೆಯಲು ಗೆಡ್ಡೆಗಿಂತ ಕುಂಬಳವೇ ಅನುಕೂಲವಾಯಿತು. ಹೊಸ ಮನೆಯ ಮುಂದೆ ದೃಷ್ಟಿ ತಾಕದಿರಲೆಂದು ನಾವು ಬೂದುಗುಂಬಳಕ್ಕೆ ರಾಕ್ಷಸನ ಮುಖ ಬರೆದು ಕಟ್ಟುವುದಿಲ್ಲವೇ? ಆದುದರಿಂದ ಕಾಯಿಗೆ ಮುಖವಿರುವುದು ನಮಗೆ ಹೊಸದಲ್ಲ.

5. ಕಾಸ್ಟ್ಯೂಮ್. ವೇಷದ ಉಡುಪು. ದಿನವೂ ಉಡುವ ಬಟ್ಟೆ ಡ್ರೆಸ್. ಇನ್ನೊಬ್ಬರಂತೆ ಕಾಣಲು ತೊಡುವುದು ಕಾಸ್ಟ್ಯೂಮ್. ಯಕ್ಷಗಾನದವರದೂ ದಸರೆಯ ಹುಲಿವೇಷದವರದೂ ಕಾಸ್ಟ್ಯೂಮೇ. ರೂಢಿ ಎಂಬ ಅರ್ಥದ ಕಸ್ಟಮ್ ಎಂಬ ಮಾತೂ ಇದೂ ಒಂದೇ ಬೇರಿನಿಂದ ಚಿಗುರಿದವು.

6. ಮಾಸ್ಕ್. ಮುಖವಾಡ. ಕೊರೋನಾ ಕಾಲದಲ್ಲಿ ನಾವೆಲ್ಲರೂ ಕಲಿತ ಮಾತು. ಔಷಧಿ ಸಿಂಪಡಿಸುವಾಗ ಮೂಗಿಗೆ ಕಟ್ಟಿಕೊಳ್ಳಿರೆಂದು ನಾನು ಹೇಳುವುದೂ ಇದನ್ನೇ.

7. ಸ್ಕೇರ್‌ಕ್ರೋ. ಹೊಲದ ಬೆರ್ಚಪ್ಪ. ಸ್ಕೇರ್ ಎಂದರೆ ಹೆದರಿಸು, ಕ್ರೋ ಎಂದರೆ ಕಾಗೆ. ಈ ಒಂದು ಮಾತು ಕಲಿತರೆ ಮೂರು ಬಂದಂತೆ. ಸ್ಕೇರಿ ಎಂದರೆ ಹೆದರಿಕೆ ಹುಟ್ಟಿಸುವಂಥದು. ಮಕ್ಕಳು ಬೆರ್ಚಪ್ಪನ ವೇಷವನ್ನೂ ಹಾಕುವುದುಂಟು.

8. ಗೋಸ್ಟ್, ವಿಚ್, ಬ್ರೂಮ್. ದೆವ್ವ, ಮಾಟಗಾತಿ, ಪೊರಕೆ. ಚೂಪು ಟೋಪಿ ಹಾಕಿ ಪೊರಕೆ ಹಿಡಿದರೆ ವಿಚ್ ವೇಷ. ಬಿಳಿ ಬಟ್ಟೆ ಹೊದ್ದರೆ ಗೋಸ್ಟ್. ಇದೆಲ್ಲ ಮಕ್ಕಳ ಆಟ ಮಾತ್ರ. ಯಾವ ಹೆಂಗಸನ್ನೂ ಹೀಗೆ ಕರೆದು ನೋಯಿಸತಕ್ಕದ್ದಲ್ಲ.

9. ಟ್ರಿಕ್ ಆರ್ ಟ್ರೀಟ್. ಸಂಜೆ ಮಕ್ಕಳು ಮನೆಮನೆಯ ಬಾಗಿಲಿಗೆ ಹೋಗಿ ಕೂಗುವ ಮಾತು. ಟ್ರೀಟ್ ಎಂದರೆ ತಿಂಡಿ ಕೊಟ್ಟು ಉಪಚರಿಸುವುದು. ಟ್ರಿಕ್ ಎಂದರೆ ಕೀಟಲೆ. ತಿಂಡಿ ಕೊಡಿ, ಇಲ್ಲವಾದರೆ ಕೀಟಲೆ ಮಾಡುತ್ತೇವೆ ಎಂದು ಭಾವ. ಮನೆಯವರು ನಕ್ಕು ಕ್ಯಾಂಡಿ, ಅಂದರೆ ಮಿಠಾಯಿ, ಕೊಡುತ್ತಾರೆ. ಸಂಕ್ರಾಂತಿಯಲ್ಲಿ ನಮ್ಮ ಮಕ್ಕಳು ಎಳ್ಳು ಬೀರಲು ಮನೆಮನೆಗೆ ಹೋಗುವುದನ್ನು ನೆನೆಯಿರಿ. ನಮ್ಮವರು ಕೊಡಲು ಹೋಗುತ್ತಾರೆ, ಅವರು ಕೇಳಲು ಹೋಗುತ್ತಾರೆ.

ಕಲಿಯುವ ಕ್ರಮ ಹೀಗಿರಲಿ. ಒಂದೇ ದಿನ ಎಲ್ಲವನ್ನೂ ಬಾಯಿಪಾಠ ಮಾಡಬೇಡಿರಿ. ದಿನಕ್ಕೆ ಎರಡು ಮಾತು ಸಾಕು. ವಸ್ತುವನ್ನು ಕೈಯಲ್ಲಿ ಹಿಡಿದು, ಇಲ್ಲವೆ ಕಣ್ಣಮುಂದಿಟ್ಟುಕೊಂಡು ಹೆಸರನ್ನು ಗಟ್ಟಿಯಾಗಿ ಹೇಳಿರಿ. ಪೊರಕೆ ಹಿಡಿದಾಗ ಬ್ರೂಮ್, ಬೆರ್ಚಪ್ಪನನ್ನು ನಿಲ್ಲಿಸುವಾಗ ಸ್ಕೇರ್‌ಕ್ರೋ. ಶಾಲೆಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ಅವರೊಡನೆ ಕೂಡಿ ಕಲಿಯಿರಿ. ತಪ್ಪಾದರೆ ಮಕ್ಕಳು ನಗಬಹುದು, ನಗಲಿ. ಮಾತು ಬಂದ ಮೇಲೆ ಈ ಸಣ್ಣ ವಾಕ್ಯಗಳನ್ನು ಅಭ್ಯಾಸ ಮಾಡಿರಿ:

“ವಾಟ್ ಈಸ್ ಯುವರ್ ಕಾಸ್ಟ್ಯೂಮ್?” ಎಂದರೆ, ನಿನ್ನ ವೇಷ ಯಾವುದು?
“ವೆರಿ ಸ್ಕೇರಿ!” ಎಂದರೆ, ಅಬ್ಬಾ, ಬಹಳ ಹೆದರಿಕೆಯಾಗುತ್ತದೆ!
“ದಿಸ್ ಈಸ್ ಅವರ್ ಪಂಪ್ಕಿನ್” ಎಂದರೆ, ಇದು ನಮ್ಮ ಕುಂಬಳಕಾಯಿ.

ನಮ್ಮ ಹಬ್ಬಗಳನ್ನು ಬಿಟ್ಟು ಅವರ ಹಬ್ಬ ಮಾಡಿರೆಂದು ನಾನು ಹೇಳುತ್ತಿಲ್ಲ. ವೇಷದ ಬಟ್ಟೆಗೆಂದು ಹಣ ಕಳೆಯಬೇಕಾಗಿಯೂ ಇಲ್ಲ. ಮೊಮ್ಮಗು ಆಡುವ ಮಾತು ನಮಗೆ ತಿಳಿಯಲಿ ಎಂಬುದಷ್ಟೇ ಉದ್ದೇಶ.

ಆ ಯಜಮಾನರ ಕಥೆ ಮುಗಿಸುತ್ತೇನೆ. ಹದಿನೈದು ದಿನ ಸಂಜೆ ಹೊತ್ತು ನನ್ನೊಡನೆ ಕುಳಿತು ಕಲಿತರು. ಕಳೆದ ವರ್ಷ ರಾಜ್ಯೋತ್ಸವದ ಬೆಳಿಗ್ಗೆ ಮೊಮ್ಮಗಳು ಬಿಳಿ ಬಟ್ಟೆ ಹೊದ್ದು ಮೊಬೈಲಿನಲ್ಲಿ ಬಂದಿತು. ಇವರು “ಗೋಸ್ಟ್! ವೆರಿ ಸ್ಕೇರಿ!” ಎಂದು ಹಿಂದಕ್ಕೆ ವಾಲಿದರು. ಮಗು ಕುಣಿದಾಡಿತು. ಆಮೇಲೆ ಒಂಬತ್ತು ಕಿಲೋ ತೂಗುವ ಸಿಹಿಗುಂಬಳವನ್ನು ಎರಡು ಕೈಯಲ್ಲೂ ಎತ್ತಿ, “ದಿಸ್ ಈಸ್ ಅವರ್ ಪಂಪ್ಕಿನ್” ಎಂದರು. ಅಷ್ಟಕ್ಕೇ ಬಿಡದೆ, “ಇದಕ್ಕೆ ಕುಂಬಳಕಾಯಿ ಅಂತಾರೆ, ಹೇಳು ಮಗಾ” ಎಂದರು. ಮಗು “ಕುಂಬಲಕಾಯಿ” ಎಂದಿತು. ಹತ್ತು ಸಲ ಹೇಳಿಸಿದರು.

ನೀವೂ ಹಾಗೆಯೇ ಮಾಡಿರಿ. ಅವರ ಒಂದು ಮಾತು ಕಲಿತರೆ ನಮ್ಮದೊಂದನ್ನು ಅವರಿಗೆ ಕಲಿಸಿರಿ. ಸಂದೇಹವಿದ್ದವರು ನಾನು ನಿಮ್ಮ ಹಳ್ಳಿಗೆ ಬರುವ ದಿನ ಸಂಕೋಚವಿಲ್ಲದೆ ಕೇಳಿರಿ.

ಇಂತು ನಿಮ್ಮ ಸೇವೆಯಲ್ಲಿ,
ಗ್ರಾಮಸೇವಕ